ನಾನು ಟೈಪು ಮಾಡಿದ ಗೋಡೆ

ಠಾಣೆಯ ಪಕ್ಕದ ಐರೋಲಿಯ ನಮ್ಮ ಫ್ಲ್ಯಾಟನ್ನು ಮೊದಲ ಸಲ ನೋಡಿದ್ದು ಉಬ್ಬರದ ಹೊತ್ತಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ಖಾಡಿ ತುಂಬಿಕೊಂಡು ಕಾಣುತ್ತಿತ್ತು. ಕಡಲು ನೆಲದೊಳಕ್ಕೆ ನುಗ್ಗಿ ಬಂದ ಉಪ್ಪುನೀರಿಗೆ ಇಲ್ಲಿಯವರು ಖಾಡಿ ಎನ್ನುತ್ತಾರೆ. ಕೋಪರಿಯ ಒಂದೇ ಕೋಣೆಯಲ್ಲಿ ಹದಿನಾಲ್ಕು ವರ್ಷ ಪಕ್ಕದ ಕಟ್ಟಡದ ಗೋಡೆ ನೋಡುತ್ತ ಸಾರು ಕುದಿಸಿದ್ದ ನನಗೆ ಅಷ್ಟು ನೀರು ಕಂಡದ್ದೇ ಸಾಕಾಯಿತು. ಬಿಲ್ಡರನ ಮನುಷ್ಯ ಗಿರಾಕಿಗಳನ್ನು ಉಬ್ಬರ ನೋಡಿಕೊಂಡೇ ಕರೆಯುತ್ತಿದ್ದನೆಂದು ತಿಳಿದದ್ದು ಆಮೇಲೆ. ವಾಸಕ್ಕೆ ಬಂದ ದಿನ ನೀರು ಇಳಿದಿತ್ತು. ಕಿಟಕಿ ತೆರೆದರೆ ಕಪ್ಪು ಕೆಸರು, ಅದರ ನಾತ. ಕಡಲು ಕಾಣದ ಮೈಸೂರಿನವರು ಮೋಸಹೋದರೆ ಸರಿ, ಉಡುಪಿಯ ಕಡಲ ಕರೆಯಲ್ಲಿ ಆಡಿ ಬೆಳೆದವಳು ನೀನೂ ಹೋದೆಯಲ್ಲ ಎಂದು ನಮ್ಮವರು ವಾರವಿಡೀ ತಮಾಷೆ ಮಾಡಿದರು. ನಮ್ಮೂರಲ್ಲಿ ನೀರು ಇಳಿದರೆ ಇನ್ನಷ್ಟು ಮರಳು ಸಿಗುತ್ತದೆ. ನಾನು ಅದನ್ನೇ ನಂಬಿಕೊಂಡಿದ್ದೆ.

ಕಟ್ಟಡದ ಹಿಂದೆ ಒಂದು ಪಟ್ಟಿ ಖಾಲಿ ಜಾಗ, ಅದರಾಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ನಡುವೆ ಕಾಲುದಾರಿಯೊಂದು ನೀರಿನವರೆಗೆ ಹೋಗಿ ನಾಲ್ಕು ಕಲ್ಲು ಮೆಟ್ಟಿಲಲ್ಲಿ ಮುಗಿಯುತ್ತಿತ್ತು. ಬೆಳಗ್ಗೆ ನಾನು ಅಲ್ಲೇ ವಾಕಿಂಗ್ ಹೋಗುತ್ತಿದ್ದೆ. ನನಗಿಂತ ಮೊದಲೇ ಅಲ್ಲಿ ಒಬ್ಬಳು ಇರುತ್ತಿದ್ದಳು: ಪಕ್ಕದ ಕೋಳಿವಾಡೆ ಎಂಬ ಮೀನುಗಾರರ ಕೇರಿಯ ಹೆಂಗಸು, ಅರವತ್ತು ದಾಟಿದವಳು. ಅವಳ ದೋಣಿಯನ್ನು ಆ ಮೆಟ್ಟಿಲ ಬಳಿಯೇ ಕಟ್ಟುತ್ತಿದ್ದರು. ನಾನು ಅವಳನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದರೂ ಅವಳು ನನ್ನನ್ನು ತಾಈ, ಅಕ್ಕ, ಎಂದೇ ಕರೆಯುತ್ತಿದ್ದಳು. ಕೆಸರಿನಲ್ಲಿ ಮರುವಾಯಿ ಚಿಪ್ಪು ಆರಿಸಿದ ದಿನ ನನಗೊಂದು ಪಾಲು ತೆಗೆದಿಡುತ್ತಿದ್ದಳು. ಅದನ್ನು ನಾವು ಪುಂಡಿ ಕಡುಬಿನ ಜೊತೆ ಬೇಯಿಸುತ್ತೇವೆಂದು ಹೇಳಿದರೆ, ಒಳ್ಳೆಯ ಮರುವಾಯಿಯನ್ನು ಅಕ್ಕಿಹಿಟ್ಟಿನಲ್ಲಿ ಹಾಳುಮಾಡುತ್ತೀರಿ ಎಂದು ಬೈದಳು.

ಎರಡು ಮಳೆಗಾಲ ಕಳೆಯುವುದರೊಳಗೆ ಯಾರೋ ಲಾರಿಗಳಲ್ಲಿ ಒಡೆದ ಕಟ್ಟಡಗಳ ಕಲ್ಲುಮಣ್ಣು ತಂದು ದಡಕ್ಕೆ ಸುರಿಯತೊಡಗಿದರು. ಸುರಿದಲ್ಲಿ ದಡ ಮುಂದೆ ಹೋಯಿತು, ಪಕ್ಕದಲ್ಲಿ ನೀರು ದಡವನ್ನು ಕೊರೆಯಿತು. ಮೆಟ್ಟಿಲು ವಾಲಿತು. ಇದನ್ನೇ ಹಿಡಿದುಕೊಂಡು ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ನರು ಮೀಟಿಂಗ್ ಕರೆದರು. ಅವರು ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ದಡ ನಮ್ಮ ಕಟ್ಟಡದವರೆಗೂ ಕೊರೆದುಕೊಂಡು ಬರುತ್ತದೆ, ಹಿಂದಿನ ಜಾಗಕ್ಕೆ ಗೋಡೆ ಕಟ್ಟಬೇಕು, ಒಳಗೆ ಗಾರ್ಡನ್ನು, ವಾಕಿಂಗ್ ಟ್ರ್ಯಾಕು, ಎರಡು ಬೆಂಚು ಎಂದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಗಾರ್ಡನ್ನು ನನಗೂ ಬೇಕಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆಗ ನಾನು ಸೊಸೈಟಿಯ ಸೆಕ್ರೆಟರಿ. ಠಾಣೆಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಚೇರ್ಮನ್ನರು ನಮ್ಮ ಮನೆಯ ಹಾಲ್‌ನಲ್ಲಿ ಕೂತು ಗೋಡೆಗೆ ಅನುಮತಿ ಕೇಳುವ ಅರ್ಜಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಟೈಪು ಹೊಡೆಯುತ್ತ ಹೋದೆ. ಸದರಿ ಜಾಗಕ್ಕೆ ಖಾಡಿಯ ನೀರು ಬರುವುದಿಲ್ಲ. ಸದರಿ ಜಾಗವನ್ನು ಯಾರೂ ದಾರಿಯಾಗಿ ಬಳಸುತ್ತಿಲ್ಲ. ಎರಡನೆಯ ವಾಕ್ಯಕ್ಕೆ ನನ್ನ ಬೆರಳು ನಿಂತಿತು. ಅಂದು ಬೆಳಗ್ಗೆ ತಾನೇ ಆ ದಾರಿಯಲ್ಲಿ ನಡೆದು ಬಂದಿದ್ದೆ.

"ಮೇಡಂ, ಎಲ್ಲಾ ಸೊಸೈಟಿಯೋರೂ ಹಿಂಗೇ ಬರಿಯೋದು," ಎಂದರು ಚೇರ್ಮನ್ನರು. "ಫಾರ್ಮಾಲಿಟಿ ಅಷ್ಟೆ, ಹೊಡೀರಿ."

ಹೊಡೆದೆ. ಕೆಳಗೆ ಎಡಮೂಲೆಯಲ್ಲಿ, ಟೈಪಿಸ್ಟರು ಹಾಕುವ ಹಾಗೆ, ನನ್ನ ಹೆಸರಿನ ಎರಡು ಸಣ್ಣ ಅಕ್ಷರಗಳನ್ನೂ ಹಾಕಿದೆ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕೈಗೆ ಹತ್ತಿದ ಅಭ್ಯಾಸ, ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ.

ಜಾಗ ನೋಡಲು ಅಧಿಕಾರಿಯೊಬ್ಬರು ಬಂದರು. ಅಂದು ಅಷ್ಟಮಿ, ನೀರಿಗೆ ಜೋರಿಲ್ಲದ ತಿಥಿ. ಅವರ ಬೂಟು ಒಂದಿಷ್ಟೂ ಒದ್ದೆಯಾಗಲಿಲ್ಲ. ಕೆಲಸದ ದಿನ, ಹೊತ್ತೇರಿತ್ತು, ದಾರಿಯಲ್ಲಿ ಯಾರೂ ಇರಲಿಲ್ಲ. ಬರೆದುಕೊಂಡು ಹೋದರು. ಆಕ್ಷೇಪ ಇದ್ದವರು ತಿಳಿಸಿ ಎಂದು ಕೋಳಿವಾಡೆಗೆ ಒಂದು ನೋಟೀಸು ಹೋಯಿತು, ಜೊತೆಗೆ ನಮ್ಮ ಅರ್ಜಿಯ ಝೆರಾಕ್ಸು.

ಆ ಭಾನುವಾರ ಮಧ್ಯಾಹ್ನ ಮಾವ್ಶಿ ಕಾಗದ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಮರಾಠಿಯಾದರೆ ಮೊಮ್ಮಗಳು ಓದುತ್ತಾಳೆ, ಇದು ಇಂಗ್ಲಿಷು, ನೀನೇ ಓದು ಎಂದಳು. ಕೂರಿಸಿ ನೀರು ಕೊಟ್ಟೆ. ಓದಿ ಮರಾಠಿಯಲ್ಲಿ ಹೇಳಿದೆ, ನೀರು ಬರುವುದಿಲ್ಲ ಎಂಬುದನ್ನೂ, ಯಾರೂ ನಡೆಯುವುದಿಲ್ಲ ಎಂಬುದನ್ನೂ. ಅವಳು ಸಿಟ್ಟಾಗಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ದಾರಿಯಲ್ಲೇ ನಡೆದಿದ್ದೇನೆ, ಗೋಡೆ ಎದ್ದರೆ ದೋಣಿ ಎಲ್ಲಿ ಕಟ್ಟಲಿ ಎಂದು ಕೇಳಿದಳು. ಬೇರೆ ಕಡೆಯೆಲ್ಲ ಕಲ್ಲುಮಣ್ಣು ಬಿದ್ದು ನೀರಿಗೆ ಇಳಿಯಲು ಜಾಗವೇ ಇರಲಿಲ್ಲ. ದೋಣಿ ಬಿಟ್ಟರೆ ಅವಳಿಗೆ ಬೇರೆ ಗತಿಯೂ ಇರಲಿಲ್ಲ. ಆಮೇಲೆ ಕಾಗದದ ಎಡಮೂಲೆಗೆ ಬೆರಳಿಟ್ಟು ಇದೇನು ಎಂದು ಕೇಳಿದಳು.

"ತಾಈ, ಹೇ ಕಾಯ್?"

"ಅದು ಏನಿಲ್ಲ ಮಾವ್ಶಿ," ಎಂದೆ. "ಆಫೀಸಿನ ಗುರುತು."

ಅವಳು ನಂಬಿದಳು. ನನ್ನ ಜನ್ಮದಲ್ಲಿ ಅಷ್ಟು ಸಣ್ಣ ಸುಳ್ಳಿಗೆ ಅಷ್ಟು ನಾಚಿಕೆಪಟ್ಟದ್ದಿಲ್ಲ.

ನನ್ನದು ಅಳುತ್ತ ಕೂರುವ ಜಾಯಮಾನವಲ್ಲ. ಕೆಟ್ಟದ್ದನ್ನು ಹೊಡೆದ ಕೈಗೆ ಸರಿಯಾದದ್ದನ್ನು ಹೊಡೆಯಲೂ ಬರುತ್ತದೆ. ಮರುದಿನವೇ ಮಾವ್ಶಿಯ ಹೆಸರಿನಲ್ಲಿ ಆಕ್ಷೇಪದ ಅರ್ಜಿ ಬರೆದೆ. ಜಾಗವನ್ನು ಇನ್ನೊಮ್ಮೆ ನೋಡಬೇಕು, ಅದೂ ನಾವು ಹೇಳಿದ ದಿನ, ನಾವು ಹೇಳಿದ ಹೊತ್ತಿಗೆ ಎಂದು ಕೇಳಿದೆ. ದಿನ ಯಾವುದೆಂದು ಗೋಡೆಯ ಕ್ಯಾಲೆಂಡರ್ ನೋಡಿ ನಾನು ಹೇಳಿದೆ. ಕ್ಯಾಲೆಂಡರ್ ನೋಡದೆ ಅವಳೂ ಅದನ್ನೇ ಹೇಳಿದಳು. ನಮ್ಮೂರಿನ ಆಟಿ ಅಮಾವಾಸ್ಯೆಯ ಮರುದಿನ, ಮಧ್ಯಾಹ್ನ ಒಂದೂವರೆ. ಕಡಲು ಎಲ್ಲಿಯದಾದರೂ ಅದರ ಲೆಕ್ಕ ಒಂದೇ. ಮಾವ್ಶಿ ಹೆಬ್ಬೆಟ್ಟು ಒತ್ತಿದಳು. ಈ ಸಲ ಎಡಮೂಲೆಯನ್ನು ಖಾಲಿ ಬಿಟ್ಟೆ.

ನಮ್ಮವರಿಗೆ ಗಾಬರಿ. ಸೊಸೈಟಿಯ ಸೆಕ್ರೆಟರಿ ಸೊಸೈಟಿಯ ಮೇಲೆಯೇ ಅರ್ಜಿ ಬರೆಯುವುದುಂಟಾ, ನಾಳೆ ಲಿಫ್ಟಿನಲ್ಲಿ ಯಾರ ಮುಖ ನೋಡುವುದು ಎಂದರು. ಮೂರನೇ ಮಾಳಿಗೆ ತಾನೇ, ಮೆಟ್ಟಿಲು ಹತ್ತಿ ಎಂದೆ.

ಆ ದಿನ ಅಧಿಕಾರಿ ನಾವು ಹೇಳಿದ ಹೊತ್ತಿಗೇ ಬಂದರು. ಕೋಳಿವಾಡೆಯ ಹತ್ತು ಹದಿನೈದು ಜನ, ನಮ್ಮ ಕಟ್ಟಡದವರೂ ಅಷ್ಟೇ ಜನ, ಎಲ್ಲರೂ ಕೊಡೆ ಹಿಡಿದು ನಿಂತೆವು. ನೀರು ಕಾಂಡ್ಲಾ ದಾಟಿ, ಖಾಲಿ ಜಾಗ ದಾಟಿ, ಕಟ್ಟಡದ ಹಿಂಬದಿಯ ಗಟಾರದವರೆಗೆ ಸದ್ದಿಲ್ಲದೆ ಬಂತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು, ಆಮೇಲೆ ಸೋತು ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ನೀರು ಒಂದು ವಾಕ್ಯಕ್ಕೆ ಮಾತ್ರ ಉತ್ತರ ಕೊಟ್ಟಿತು. ಚೇರ್ಮನ್ನರು ಬುದ್ಧಿವಂತರು, ನೀರಿನ ಮಾತು ಬಿಟ್ಟು ದಾರಿಯ ಮಾತು ಎತ್ತಿದರು. ಇಲ್ಲಿ ದಾರಿಯೇ ಇರಲಿಲ್ಲ, ನೋಟೀಸು ಬಂದಮೇಲೆ ಇವರು ನಡೆಯಲು ಶುರುಮಾಡಿದ್ದು ಎಂದರು. ದಾರಿ ನೀರಿನಡಿ ಮುಳುಗಿತ್ತು, ತೋರಿಸಲು ಏನೂ ಇರಲಿಲ್ಲ. ಅಧಿಕಾರಿ ಎರಡೂ ಅರ್ಜಿಗಳನ್ನು ಕೊಡೆಯ ಕೆಳಗೆ ಹಿಡಿದು, ಒಂದರಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ, ಯಾವುದನ್ನು ನಂಬಲಿ ಎಂದು ಎಲ್ಲರನ್ನೂ ಕೇಳಿದರು.

ಸುಮ್ಮನಿದ್ದಿದ್ದರೆ ನಾನು ಎರಡೂ ಕಡೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ, ದಾರಿ ಮಾತ್ರ ಹೋಗುತ್ತಿತ್ತು. ಮಾವ್ಶಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಎರಡನ್ನೂ ಟೈಪು ಮಾಡಿದ್ದು ನಾನೇ," ಎಂದು ಮರಾಠಿಯಲ್ಲಿ ಹೇಳಿದೆ. "ಮೊದಲಿನದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಟೈಪು ಮಾಡಿದೆ. ಆ ಮೂಲೆಯ ಅಕ್ಷರ ನನ್ನದು. ದಿನಾ ಬೆಳಗ್ಗೆ ನಾನು ಇದೇ ದಾರಿಯಲ್ಲಿ ನಡೆಯುತ್ತೇನೆ, ನನಗಿಂತ ಮುಂದೆ ಇವಳು ನಡೆಯುತ್ತಾಳೆ."

ಅಧಿಕಾರಿ ಅಷ್ಟನ್ನೂ ಬರೆದುಕೊಂಡು ನನ್ನ ಸಹಿ ಹಾಕಿಸಿದರು. ಗೋಡೆಗೆ ಅನುಮತಿ ಸಿಗಲಿಲ್ಲ. ಮುಂದಿನ ಮೀಟಿಂಗಿನಲ್ಲಿ ನನ್ನ ಸೆಕ್ರೆಟರಿ ಕೆಲಸ ಹೋಯಿತು. ಅದರ ಬಗ್ಗೆ ನನಗೆ ಒಂದು ಚೂರೂ ಬೇಸರವಿಲ್ಲ. ಚೇರ್ಮನ್ನರು ಒಂದು ವರ್ಷ ಮಾತು ಬಿಟ್ಟರು, ಅದೂ ಒಂದು ಉಪಕಾರವೇ.

ಅಂದು ಜನ ಚದುರಿದ ಮೇಲೆ ನಾನು ಮಾವ್ಶಿಯ ಕಡೆ ತಿರುಗಿದೆ. ಅವಳು ಮೊಣಕಾಲುದ್ದ ನೀರಿನಲ್ಲಿ ದೋಣಿಯ ಹಗ್ಗ ಹುಡುಕುತ್ತಿದ್ದಳು.

"ತೆವ್ಹಾಚ್ ಸಾಂಗಾಯ್ಚಂ ಹೋತಂ," ಎಂದಳು. ಅವತ್ತೇ ಹೇಳಬೇಕಿತ್ತು. ತಾಈ ಎನ್ನಲಿಲ್ಲ.

ಅವಳು ಹೇಳಿದ್ದು ಸರಿ, ನನಗೆ ಅದು ಇವತ್ತಿಗೂ ನೋಯುತ್ತದೆ. ಮೆಟ್ಟಿಲನ್ನು ಕೋಳಿವಾಡೆಯವರೇ ಕಲ್ಲು ತಂದು ನೆಟ್ಟಗೆ ಮಾಡಿಕೊಂಡರು. ಬೆಳಗ್ಗೆ ಈಗಲೂ ನಾವಿಬ್ಬರೂ ಆ ದಾರಿಯಲ್ಲಿ ಎದುರಾಗುತ್ತೇವೆ. ಮಳೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಅವಳ ಮೊಮ್ಮಗಳ ಮದುವೆಯ ಬಗ್ಗೆ ಮಾತಾಡುತ್ತೇವೆ. ಮದುವೆಗೆ ಮನೆಗೆ ಬಂದು ಕರೆದಳು, ನಾವು ಹೋಗಿ ಉಂಡೆವು. ಆದರೆ ಇಂಗ್ಲಿಷ್ ಕಾಗದ ಏನಾದರೂ ಬಂದರೆ ಮಾವ್ಶಿ ನಮ್ಮ ಬಾಗಿಲಿನ ಮುಂದೆಯೇ ಹಾದು ಎರಡು ಮಾಳಿಗೆ ಮೇಲಕ್ಕೆ ಹತ್ತುತ್ತಾಳೆ, ಅಲ್ಲಿಯ ಕಾಲೇಜು ಹುಡುಗಿಯ ಹತ್ತಿರ ಓದಿಸಿಕೊಳ್ಳುತ್ತಾಳೆ.