ಸೋಮವಾರ ಮೂರು ಗಂಟೆಯ ಅಂಜಿಕೆ

ನನ್ನ ಅಣ್ಣನ ಅಂಗೈ ಒಣಗಿದ್ದನ್ನು ನಾನು ಯಾವ ಕಾಲದಲ್ಲೂ ನೋಡಿಲ್ಲ. ಏಪ್ರಿಲ್ ತಿಂಗಳ ಹುಬ್ಬಳ್ಳಿಯ ಬಿಸಿಲಿಗೆ ನಮ್ಮ ಓಣಿಯ ನಳಗಳೆಲ್ಲ ಒಣಗಿ ನಿಂತಿದ್ದರೂ ಇವನ ಕೈ ಮಾತ್ರ ಜಿನುಗುತ್ತಿತ್ತು. ಅವನ ಸತ್ಯವೇದದ ಕಪ್ಪು ರಟ್ಟು ಹಿಡಿದಲ್ಲೆಲ್ಲ ಬಣ್ಣ ಬಿಟ್ಟು, ಐದು ಬೆರಳುಗಳ ಬೂದು ಗುರುತು ಮೂಡಿತ್ತು. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಅವನ ಕೈಕುಲುಕಿದ ಹಿರಿಯರು ಯಾರಿಗೂ ಕಾಣದ ಹಾಗೆ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಅದನ್ನು ನಾನು ಸಭಾಪಾಲಕರ ಪ್ರಸಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ಗಮನಿಸಿ, ಮನೆಗೆ ಬಂದು ಯಾರು ಹೇಗೆ ಒರೆಸಿಕೊಂಡರು ಎಂದು ಒಬ್ಬೊಬ್ಬರನ್ನೇ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಣ್ಣನೇ.

ಮಾಡಿ ತೋರಿಸುವುದು ನನಗಿರುವ ರೋಗ. ಹಾಲಿನವ, ಸಭಾಪಾಲಕರು, ಕಾಲೇಜಿನ ಪ್ರಿನ್ಸಿಪಾಲರು, ಸ್ಟೇಶನ್ನಿನಲ್ಲಿ ರೈಲು ತಡವಾಗಿದ್ದಕ್ಕೆ ವಿಷಾದಿಸುವ ಹೆಣ್ಣುದನಿ, ಇವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನನ್ನೂ ನಾನು ಬಿಟ್ಟಿಲ್ಲ. ಬಿ.ಕಾಂ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಹಿಂದಿನ ಪುಟದಲ್ಲಾದರೂ ಗೊತ್ತಿರುವ ಪ್ರಶ್ನೆ ಇದ್ದೀತೆಂದು ತಿರುಗಿಸಿ ನೋಡುವ ನನ್ನ ಮುಖವನ್ನು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಮಾಡಿದ್ದಕ್ಕೆ ಒನ್ಸ್ ಮೋರ್ ಬಿದ್ದಿತ್ತು.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು, ಅಂಜಿಕೆಯಲ್ಲಿ ಐವತ್ತು ವರ್ಷ ಮುಂದೆ. ನಾಯಿಗೆ ಅಂಜುತ್ತಿದ್ದ, ಲಿಫ್ಟಿಗೆ ಅಂಜುತ್ತಿದ್ದ, ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ಸುಮ್ಮನಾಗುವವರೆಗೆ ಉಸಿರು ಹಿಡಿದು ಕೂರುತ್ತಿದ್ದ. ಐಟಿಐ ಮಾಡಿ ಎಲೆಕ್ಟ್ರಿಶಿಯನ್ ಆದ ಮೇಲೆ ಕರೆಂಟಿಗೂ ಅಂಜುತ್ತಿದ್ದ. ಮೇನ್ ಸ್ವಿಚ್ ತೆಗೆದು, ಅದರ ಮುಂದೆ ನನ್ನನ್ನು ಕಾವಲು ನಿಲ್ಲಿಸಿ, ಆಮೇಲೆ ಒಂದು ಬಲ್ಬ್ ಹೋಲ್ಡರ್ ಬದಲಿಸುತ್ತಿದ್ದ.

ಅವನಿಗೆ ಹನ್ನೆರಡು, ನನಗೆ ಏಳು ವರ್ಷವಿದ್ದಾಗ ನಮ್ಮಿಬ್ಬರ ನಡುವೆ ಒಂದು ಕರಾರು ಶುರುವಾಯಿತು. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿ ಒಂದು ಕಂದು ನಾಯಿ ಇತ್ತು. ಸಂಡೇ ಸ್ಕೂಲಿಗೆ ಹೋಗಲು ಅದರ ಮುಂದೆಯೇ ದಾಟಬೇಕು. ಅವತ್ತು ಅಣ್ಣ ರಸ್ತೆಯ ನಡುವೆ ನಿಂತುಬಿಟ್ಟ. ಮುಖ ಬಿಳಚಿಕೊಂಡಿತ್ತು.

“ತಮ್ಮಾ, ಅದು ಹೆಂಗ ಮಾಡತೈತಿ, ಮಾಡಿ ತೋರಸಲೇ” ಎಂದ.

ನಾನು ನಾಲ್ಕು ಕಾಲಲ್ಲಿ ನಿಂತು, ಹಲ್ಲು ಕಿರಿದು, ಬೊಗಳಿ, ಕೊನೆಗೆ ಬಾಲವಿಲ್ಲದ ಹಿಂಭಾಗವನ್ನು ಅಲ್ಲಾಡಿಸಿದೆ. ಅಣ್ಣ ನಕ್ಕ. ಕೈಯನ್ನು ಚಡ್ಡಿಗೆ ಒರೆಸಿಕೊಂಡು, ನನ್ನನ್ನು ಎಳೆದುಕೊಂಡು ದಾಟಿಯೇಬಿಟ್ಟ. ಅಂದಿನಿಂದ ಅವನು ಅಂಜಿದ್ದನ್ನೆಲ್ಲ ನಾನು ಮಾಡಿ ತೋರಿಸಬೇಕು, ಅವನು ನಗಬೇಕು, ನಕ್ಕ ಮೇಲೆ ಹೋಗಬೇಕು. ಪಿಯುಸಿಯ ಲೆಕ್ಕದ ಮೇಷ್ಟ್ರು ಹಾಗೆ ದಾಟಿಹೋದರು. ಹಲ್ಲಿನ ಡಾಕ್ಟರೂ ದಾಟಿಹೋದರು.

ಇಂಥವನು ಹೋದ ವರ್ಷ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಎರಡು ವರ್ಷದ ಸೇವೆಗೆ ಮಿಷನರಿಯಾಗಿ ಫಿಲಿಪ್ಪೀನ್ಸಿಗೆ ಹೋಗುತ್ತೇನೆಂದ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಮಾತು, ಗೊತ್ತಿಲ್ಲದವರ ಬಾಗಿಲು ಬಡಿಯುವ ಕೆಲಸ. ನಾನು ನಗುತ್ತಲೇ ಕೇಳಿದೆ, “ಯಣ್ಣಾ, ಬಾಗಲಾ ತಗದವರು ಅಂಜತಾರೋ, ಬಡದವ ಅಂಜತಾನೋ?”

“ಬಡದವನಾ ಅಂಜತಾನ” ಎಂದ, ನಗದೆ. “ಅಂಜಿಕಿ ಹೋಗಲಿ ಅಂತ ನಾ ಯಾವತ್ತೂ ಕೇಳಿಲ್ಲೋ ದೇವರನ್ನ. ಅದು ಇದ್ರೂ ಕಾಲು ನಡೀಲಿ ಅಂತ ಕೇಳತೇನಿ. ಇಲ್ಲಿತನಕ ನಡದಾವು.”

ಬೀಳ್ಕೊಡುವ ಭಾನುವಾರ ಅಣ್ಣ ಸಭೆಯ ಮುಂದೆ ಸಾಕ್ಷಿ, ಅಂದರೆ ದೇವರು ತನ್ನನ್ನು ಹೇಗೆ ನಡೆಸಿದನೆಂದು, ಹೇಳಬೇಕಿತ್ತು. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವ ನಮ್ಮ ಅಪ್ಪ ಹೊಸ ಅಂಗಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಎದೆಯುಬ್ಬಿಸಿ ಕೂತಿದ್ದರು. ಅಣ್ಣ ಎದ್ದು ನಿಂತ. ಮೈಕು ಅವನ ಕೈಯಲ್ಲಿ ಜಾರಿತು. “ನನಗ ಭಾಳ ಅಂಜಿಕಿ ಆಗೈತ್ರಿ. ಪ್ರಾರ್ಥನಾ ಮಾಡ್ರಿ” ಎಂದು ಹೇಳಿ ಕೂತುಬಿಟ್ಟ. ಜನ ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬಂದ ಮೇಲೆ ಅಂದರು, “ಗಂಡಸಾದಾಂವ ಮಂದಿ ಮುಂದ ಹಿಂಗ ಹೇಳೂದೇನು?” ಆ ಒಂದು ವಾಕ್ಯದ ಸಾಕ್ಷಿಯನ್ನು ನಾನು ಆರು ತಿಂಗಳು ಹೋದಲ್ಲೆಲ್ಲ ಮಾಡಿ ತೋರಿಸಿ ಚಹಾ ಗಿಟ್ಟಿಸಿದ್ದೇನೆ.

ಅಲ್ಲಿಂದ ಮನೆಗೆ ಫೋನು ಮಾಡಲು ವಾರಕ್ಕೆ ಒಂದೇ ಸಲ ಅವಕಾಶ. ಸೋಮವಾರ ಅವರಿಗೆ ಬಿಡುವು. ಅವತ್ತು ಬಕೆಟ್ಟಿನಲ್ಲಿ ಬಿಳಿ ಅಂಗಿಗಳನ್ನು ತಿಕ್ಕಿ ಒಣಹಾಕುವುದು, ಜೊತೆಗಾರನ ತಲೆಗೂದಲು ಕತ್ತರಿಸಿ ಅವನ ಕೈಗೆ ತನ್ನ ತಲೆ ಕೊಡುವುದು, ಸಂತೆ, ಆಮೇಲೆ ಮನೆಗೆ ಫೋನು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಗಂಟೆ. ಅಪ್ಪ ಸೋಮವಾರ ಬೆಳಗಿನ ಪಾಳಿಯನ್ನೇ ಕೇಳಿ ಹಾಕಿಸಿಕೊಂಡಿದ್ದರು. ಅವ್ವ ಎರಡೂವರೆಗೇ ಸೀರೆ ಬದಲಿಸಿ, ಕಾಣಲಿ ಬಿಡಲಿ, ಪೌಡರ್ ಹಚ್ಚಿಕೊಂಡು ಕೂರುತ್ತಿದ್ದಳು.

ಅಣ್ಣ ಅವರಿಗೆ ಒಳ್ಳೆಯದನ್ನಷ್ಟೇ ಹೇಳುತ್ತಿದ್ದ. ಮಂಗಳವಾರದಿಂದ ಶನಿವಾರದವರೆಗೆ ನಡೆದದ್ದು, ಬುಧವಾರ ಮಕ್ಕಳಿಗೆ ಓದು ಕಲಿಸಿದ್ದು, ಶುಕ್ರವಾರ ಕಾಯಿಲೆಯವರ ಹಾಸಿಗೆ ಪಕ್ಕ ಕೂತಿದ್ದು, ಭಾನುವಾರ ತಗಡಿನ ಚರ್ಚಿನಲ್ಲಿ ಅವರ ಮಾತಿನಲ್ಲೇ ಪ್ರಾರ್ಥನೆ ಮಾಡಿದ್ದು. “ಒಣಮೀನ ಬಿಟ್ರ ಎಲ್ಲಾ ಛಲೋ ಐತ್ರಿ ಅಪ್ಪಾರ” ಎನ್ನುತ್ತಿದ್ದ. ಕೊನೆಗೆ, “ತಮ್ಮಗ ಕೊಡ್ರಿ ಐದು ನಿಮಿಷ.” ನಾನು ಫೋನು ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ನಿಜವಾದ ವಾರ ಹೊರಬೀಳುತ್ತಿತ್ತು. ಕುಡಿದು ಕೊಡಲಿ ತೋರಿಸಿದ ಮನೆಯ ಯಜಮಾನ, ಕಾಲಿಗೆ ಬಾಯಿಹಾಕಿದ ನಾಯಿ, ಇಡೀ ವಾರ ಒಂದು ಬಾಗಿಲೂ ತೆಗೆಯದ ಓಣಿ. ನಾನು ಯಜಮಾನನನ್ನು ಮಾಡುತ್ತಿದ್ದೆ, ನಾಯಿಯನ್ನು ಮಾಡುತ್ತಿದ್ದೆ, ತೆಗೆಯದ ಬಾಗಿಲನ್ನೂ ಮಾಡುತ್ತಿದ್ದೆ. ಅವನು ನಗುತ್ತಿದ್ದ.

ದೀಪಾವಳಿ ಮುಗಿದ ಮುಂದಿನ ಸೋಮವಾರ ನಾನು ಫೋನು ಹಿಡಿದು ಹಿತ್ತಲಿಗೆ ಬಂದಾಗ ಅವನು ನಾಯಿ, ಯಜಮಾನರ ಸುದ್ದಿ ಎತ್ತಲಿಲ್ಲ.

“ತಮ್ಮಾ, ದೊಡ್ಡ ಬಿರುಗಾಳಿ ಬರತೈತಂತ. ಸಮುದ್ರ ನಮ್ಮ ಬಾಗಲಿಗೆ ನೂರು ಹೆಜ್ಜಿ ಐತಿ. ಹಿಂದಕ್ಕ ಬಂದಾಗ ಈ ಓಣೀನಾ ಒಯ್ದಿತ್ತಂತ. ನನ್ನ ಕಡೆ ಆಗಂಗಿಲ್ಲೋ. ನಾ ಊರಿಗೆ ಬರತೇನಿ. ಇಲ್ಲಿ ದೊಡ್ಡವರನ್ನ ಕೇಳಿದ್ರ ಕಳಸತಾರ, ಆದ್ರ ಅಪ್ಪಗ ಹೇಳಾಕ ಬಾಯಿ ಬರವಲ್ದು. ನೀ ಹೇಳತಿಯೇನು?”

ನಾನೇನು ಮಾಡಬೇಕಿತ್ತು? ಒಳಗೆ ಹೋಗಿ ಹೇಳಬೇಕಿತ್ತು. ಆದರೆ ಒಳಗೆ ಅಪ್ಪ ಇದ್ದರು. ವರ್ಕ್‌ಶಾಪಿನ ಗೇಟಿನಲ್ಲಿ, ಚಹಾ ಅಂಗಡಿಯಲ್ಲಿ, ಶಿರಗುಪ್ಪಿಯ ಸೋದರಮಾವನ ಹೊಲದಲ್ಲಿ ಕೂಡ ಮಗ ಪರದೇಶದಲ್ಲಿ ಸೇವೆಗೆ ಇದ್ದಾನೆಂದು ಹೇಳಿಕೊಂಡು ತಿರುಗುವ ಅಪ್ಪ. ಆ ಮುಖ ಇಳಿಯುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಆಗ ನನ್ನ ರೋಗ ನನ್ನ ಸಹಾಯಕ್ಕೆ ಬಂತು. ಬಾಯಲ್ಲಿ ಸಮುದ್ರದ ಸದ್ದು ಮಾಡಿದೆ. ಆಮೇಲೆ ನಮ್ಮ ಓಣಿಗೆ ನೀರು ಬಿಡುವವನ ದನಿಯಲ್ಲಿ ಕೂಗಿದೆ, “ಏ, ಲಗೂ ಬರ್ರಿ! ಇಲ್ಲೆ ಎಂಟ ದಿನಕ್ಕೊಮ್ಮೆ ನೀರು ಬರತಾವು. ನಿಮಗ ಬಾಗಲಿಗೇ ಬಂದಾವು, ಕೊಡಾ ಹಚ್ಚರ್ರಿ!”

ಅಣ್ಣ ನಕ್ಕ. ಸ್ವಲ್ಪ ತಡವಾಗಿ ನಕ್ಕ. “ಹುಚ್ಚ ಅದಿ ನೀ” ಎಂದು ಫೋನು ಇಟ್ಟ. ನಾನು ಒಳಗೆ ಬಂದೆ. “ಏನಂದಾ?” ಎಂದಳು ಅವ್ವ. “ಏನಿಲ್ಲ, ಒಣಮೀನ” ಎಂದೆ.

ಬುಧವಾರ ಟಿವಿಯಲ್ಲಿ ಅಣ್ಣನಿದ್ದ ದ್ವೀಪ ಬಂತು. ತೆಂಗಿನ ಮರಗಳು ಒಂದೇ ಕಡೆಗೆ ಮಲಗಿದ್ದವು. ಮನೆಗಳಿದ್ದ ಕಡೆ ಮಣ್ಣುಬಣ್ಣದ ನೀರು. ಅಣ್ಣನನ್ನು ಕಳಿಸಿದ ಮಿಷನ್ನಿನ ಆಫೀಸಿಗೆ ಅಪ್ಪ ಫೋನು ಮಾಡಿದರು. ಆ ಕಡೆಯ ಊರುಗಳಿಗೆ ಸಂಪರ್ಕವಿಲ್ಲ, ಪ್ರಾರ್ಥನೆ ಮಾಡಿ ಎಂದರು. ಅಪ್ಪ ಫೋನನ್ನು ಚಾರ್ಜಿಗೆ ಹಚ್ಚಿದರು. ತುಂಬಿದ್ದರೂ ತೆಗೆಯಲಿಲ್ಲ. ಯಾರೂ ಒಲೆ ಹಚ್ಚದ್ದನ್ನು ನೋಡಿ ಬಾಜೂ ಮನೆಯ ಅಕ್ಕ ರೊಟ್ಟಿ, ಝುಣಕ ತಂದಿಟ್ಟು, ಅವ್ವನ ಬೆನ್ನು ಸವರಿ ಹೋದರು. ನನಗೆ ಮಾತ್ರ ಗೊತ್ತಿದ್ದ ಒಂದು ವಿಷಯವಿತ್ತು. ಅವನು ಬರುತ್ತೇನೆ ಎಂದಿದ್ದ. ನಾನು ನಗಿಸಿ ವಾಪಸ್ ಕಳಿಸಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ತಿಂಗಳಿಗೊಮ್ಮೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಇರುತ್ತದೆ. ಅದರ ಹಿಂದಿನ ಶನಿವಾರ ಸಂಜೆ ಮನೆಯವರೆಲ್ಲ ಎದುರುಬದುರು ನಿಂತು ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ಮನಸ್ಸಲ್ಲಿ ಏನಾದರೂ ಇಟ್ಟುಕೊಂಡು ರೊಟ್ಟಿ ಮುಟ್ಟಬಾರದು. ಪ್ರತಿ ಸಲ ನಾನು ಸಭಾಪಾಲಕರ ದನಿಯಲ್ಲಿ ಕ್ಷಮೆ ಕೇಳಿ ಅವ್ವನ ಕೈಯಿಂದ ತಲೆಗೊಂದು ತಿನ್ನುತ್ತಿದ್ದೆ. ಆ ಶನಿವಾರವೂ ನಿಂತೆವು, ಮೂವರೇ. ಅಪ್ಪ ಅಂದರು, “ಏನರ ತಪ್ಪ ಮಾಡಿದ್ರ ಕ್ಷಮಾ ಮಾಡ್ರಿ.” ಅವ್ವನೂ ಅದನ್ನೇ ಅಂದಳು. ನನ್ನ ಸರದಿ ಬಂದಾಗ ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ. ತಲೆಯಾಡಿಸಿ ಒಳಗೆ ಹೋದೆ. ಭಾನುವಾರ ರೊಟ್ಟಿಯ ತಟ್ಟೆ ನನ್ನ ಮುಂದೆ ಬಂತು. ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿದೆ. ಹೆಂಗಸರ ಸಾಲಿನಿಂದ ಅವ್ವ ನೋಡಿದಳು.

ಮನೆಗೆ ಬಂದವಳೇ ಅಡುಗೆಮನೆಗೆ ಕರೆದಳು. “ಏನ ಮುಚ್ಚಿಟ್ಟಿ? ಹೇಳು.”

ಹೇಳಿದೆ. ನೀರಿನವನ ದನಿಯನ್ನೂ ಬಿಡದೆ ಹೇಳಿದೆ. ಅವ್ವ ಬೈಯಲಿಲ್ಲ. ಗೋಡೆಗೆ ಆತು ನೆಲಕ್ಕೆ ಕುಳಿತಳು.

“ಅವಗ ಅಂಜಿಕಿ ಅಂತ ನನಗ ಗೊತ್ತಿಲ್ಲೇನೋ? ಎಲ್ಲಾ ಛಲೋ ಐತಿ ಅಂತಿದ್ದನಲ್ಲಾ, ಆ ದನಿ ಕೇಳೇ ತಿಳೀತಿತ್ತು. ನಿನ್ನ ಮುಂದರ ಹೇಳಕೊಳ್ಳಲಿ ಅಂತ ಸುಮ್ಮನಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿಮ್ಮಪ್ಪಗ ಹೇಳಬೇಕು. ನಾ ಹೇಳಂಗಿಲ್ಲ. ನೀನಾ ಹೇಳು.”

ಅವತ್ತೂ ಹೇಳಲಿಲ್ಲ. ಸೋಮವಾರ ಎರಡೂವರೆಗೆ ಅವ್ವ ಸೀರೆ ಬದಲಿಸಿದಳು. ಅಪ್ಪ ಫೋನನ್ನು ಸ್ಟೂಲಿನ ಮೇಲೆ ಇಟ್ಟರು. ಮೂರು ಆಯಿತು, ಮೂರೂವರೆ ಆಯಿತು. ಒಂದು ಸಲ ಗುಂಯ್ ಎಂದಿತು. ರೀಚಾರ್ಜ್ ಮಾಡಿ ಎಂಬ ಸಂದೇಶ. ಐದು ಗಂಟೆಗೆ ಅಪ್ಪ ಎದ್ದು, ಸೈಕಲ್ ಹೊರಗೆ ತೆಗೆದು, ಹತ್ತದೆ, ಮತ್ತೆ ಒಳಗಿಟ್ಟರು. ಹೇಳಲೆಂದು ನಾನು ಅವರ ಹಿಂದೆ ಬಾಗಿಲತನಕ ಹೋಗಿ, ನೀರು ಕುಡಿದು ಬಂದೆ. ಇಷ್ಟು ವರ್ಷ ನಾನು ಮಾಡಿ ತೋರಿಸಿದ್ದು ಅಣ್ಣನ ಅಂಜಿಕೆಯ ಮೇಲಂಗಿಯನ್ನು ಮಾತ್ರ, ಒಳಗಿನ ಅಂಜಿಕೆ ಎಂಥದ್ದೆಂದು ಅವತ್ತು ತಿಳಿಯಿತು.

ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಗೊತ್ತಿಲ್ಲದ, ಉದ್ದನೆಯ ನಂಬರು. ಅಪ್ಪ ಎತ್ತಿದರು. ಆ ಕಡೆಯಿಂದ, “ಅಪ್ಪಾರ, ನಾನ್ರಿ.”

ಅಪ್ಪ ಫೋನನ್ನು ಅವ್ವನಿಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ಅವ್ವ ಅತ್ತಳು, ಉಂಡಿಯೇನೋ ಎಂದು ಮೂರು ಸಲ ಕೇಳಿದಳು, ನನ್ನ ಕೈಗೆ ಕೊಟ್ಟಳು. ಯಾರದೋ ಫೋನು, ಬೇಗ ಮುಗಿಸಬೇಕಿತ್ತು.

“ಅಣ್ಣಾ, ನಾ ಅಪ್ಪಗ ಹೇಳಲಿಲ್ಲ” ಎಂದೆ.

“ಗೊತ್ತೈತಿ” ಎಂದ. ದನಿ ಒಡೆದಿತ್ತು. “ಸಾಲಿ ಕಟ್ಟಡದಾಗ ಎಂಬತ್ತು ಮಂದಿ ಇದ್ವಿ. ತಗಡು ಹಾರಿಹೋತು. ಹುಡುಗೂರು ಚೀರಾಕತ್ತಿದ್ವು. ಖರೇ ಹೇಳತೇನಿ, ಆವಾಗ ನಿನ್ನ ಮ್ಯಾಲೆ ಭಾಳ ಸಿಟ್ಟ ಬಂದಿತ್ತು. ನಗಸಿ ನಗಸಿ ಇಲ್ಲಿ ಕೆಡವಿದ ನನ್ನ ಅಂತ. ಮೂರು ದಿವಸ ಸಿಟ್ಟಿನ್ಯಾಗ ಇದ್ದೆ. ಶನಿವಾರ ಸಂಜಿಮುಂದ ನಮ್ಮ ಮನಿ ನೆನಪಾತು. ನೀವೆಲ್ಲಾ ಎದುರುಬದುರು ನಿಂತಿರತೀರಿ ಅಂತ. ನೀ ಕೇಳಾಕ ಇಲ್ಲಿ ಇದ್ದಿಲ್ಲ. ನಾನಾ ಮೊದಲ ಕ್ಷಮಾ ಕೊಟ್ಟಬಿಟ್ಟೆ. ಸತ್ರ ಈ ಸಿಟ್ಟ ಹೊತಗೊಂಡು ಹೋಗೂದು ಬ್ಯಾಡ ಅಂತ ಅಂಜಿ ಕೊಟ್ಟೇನಿ, ದೊಡ್ಡ ಮನಸಲೆ ಅಲ್ಲ. ತಗೊ.”

ನಾನು ತೆಗೆದುಕೊಂಡೆ.

“ಈಗ ಅಪ್ಪಗ ಹೇಳು” ಎಂದ. “ನಾ ಫೋನ್ ಹಿಡದಿರತೇನಿ.”

ಅಪ್ಪ ಅಲ್ಲೇ ನಿಂತಿದ್ದರು. ಅವರ ಬೆನ್ನಿಗೆ ಹೇಳಿದೆ. ಅವನು ಬರುತ್ತೇನೆಂದಿದ್ದ, ನಿಮಗೆ ಹೇಳು ಅಂದಿದ್ದ, ನಿಮಗೆ ಅಂಜಿ ನಾನು ಹೇಳಲಿಲ್ಲ. ಹೊಡೆಯುತ್ತಾರೆ ಅಂದುಕೊಂಡೆ. ಅಪ್ಪ ತಿರುಗಿ ಫೋನು ಇಸಿದುಕೊಂಡರು.

“ಬರತಿಯೇನೋ ಮಗನ? ನಾಳೇನಾ ಬಾ. ಯಾರೂ ಏನೂ ಅನ್ನಂಗಿಲ್ಲ. ನಾನೂ ಅನ್ನಂಗಿಲ್ಲ.”

ಆ ಕಡೆಯ ಮಾತು ನಮಗೆ ಕೇಳಲಿಲ್ಲ. ಫೋನು ಇಟ್ಟ ಮೇಲೆ ಅಪ್ಪನೇ ಹೇಳಿದರು. ಅಲ್ಲಿ ಕರೆಂಟಿನ ಕೆಲಸ ಗೊತ್ತಿರುವವರು ಇಬ್ಬರೇ ಇದ್ದಾರಂತೆ, ಒಬ್ಬನ ಕಾಲು ಮುರಿದಿದೆಯಂತೆ. ಮನೆಗಳಿಗೆ ದೀಪ ಬರುವತನಕ ಇರುತ್ತೇನೆ, ಆಮೇಲೂ ಅಂಜಿಕೆ ತಡೆಯಲಾಗದಿದ್ದರೆ ನಾನೇ ನಿಮಗೆ ಹೇಳಿ ಬರುತ್ತೇನೆ ಅಂದನಂತೆ.

ಅಣ್ಣ ಇನ್ನೂ ಅಲ್ಲೇ ಇದ್ದಾನೆ. ಅವನಿಗೆ ನಾನು ಸಲ್ಲಿಸಬೇಕಾದದ್ದು ತೀರುವಂಥದ್ದಲ್ಲ. ಕೇಳುವ ಧೈರ್ಯವಿಲ್ಲದವನಿಗೆ, ತಾನು ನಡುಗುತ್ತಲೇ ಮೊದಲು ಕೊಟ್ಟವನು ಅವನು.

ಈಗ ಸೋಮವಾರ ನಾನು ಹಿತ್ತಲಿಗೆ ಹೋಗುವುದಿಲ್ಲ. ಫೋನು ಸ್ಟೂಲಿನ ಮೇಲೆ, ಸ್ಪೀಕರ್ ಹಾಕಿ. ಅಪ್ಪನೇ ಮೊದಲು ಕೇಳುತ್ತಾರೆ, “ಈ ವಾರ ಯಾವುದಕ್ಕ ಅಂಜಿದಿ?” ಅಣ್ಣ ಎಲ್ಲವನ್ನೂ ಹೇಳುತ್ತಾನೆ. ಮೊನ್ನೆ ಹೇಳಿ ಮುಗಿಸಿದವನು, “ನೀವ್ರಿ ಅಪ್ಪಾರ?” ಎಂದು ಕೇಳಿಬಿಟ್ಟ. ನಾನು ಅವ್ವನ ಮುಖ ನೋಡಿದೆ. ಅಪ್ಪ ಗಂಟಲು ಸರಿಪಡಿಸಿಕೊಂಡರು, ಚಹಾದ ಕಪ್ಪನ್ನು ಅತ್ತಿತ್ತ ಸರಿಸಿದರು.

“ಎರಡೂವರಿಂದ ಮೂರರತನಕ” ಎಂದರು. “ಪ್ರತಿ ಸೋಮವಾರ.”