ನೀರು ಕುಡಿಯದ ಬೀಜ

ಕೂಡ್ಲಿಗಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೊನ್ನೆ ವಿದ್ಯಾರ್ಥಿನಿಯೊಬ್ಬಳು ನೆನೆಸಿಟ್ಟ ತೊಗರಿಯ ಒದ್ದೆ ಬಟ್ಟೆ ಬಿಚ್ಚಿದಳು. ಆ ಮೊಳಕೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೇಳುತ್ತಿದ್ದ ಪಾಠ ಮರೆತೆ. ತಂಬ್ರಹಳ್ಳಿ ಕಡೆಯ ನಮ್ಮೂರಿನಲ್ಲಿ, ಪಕ್ಕದ ಮನೆಯ ದೊಡ್ಡವ್ವನ ಸೆರಗಿನಿಂದ ಬರುತ್ತಿದ್ದ ವಾಸನೆ ಅದು...

ಅವಳು ನಮಗೆ ಸಂಬಂಧಿಯಲ್ಲ, ಊರಿಗೆಲ್ಲ ದೊಡ್ಡವ್ವ. ಬಿತ್ತುವ ಮುಂಚೆ ಜನ ಒಂದು ಹಿಡಿ ಬೀಜ ತಂದು ಅವಳ ಕೈಗೆ ಕೊಡುತ್ತಿದ್ದರು. ಅವಳು ನೂರು ಕಾಳು ಎಣಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ನೀರು ಚಿಮುಕಿಸಿ ಮೂಲೆಯಲ್ಲಿಡುತ್ತಿದ್ದಳು. ಮೂರನೆಯ ದಿನ ಬಿಚ್ಚಿ ನೋಡಿ "ಬಿತ್ರಿ" ಎಂದರೆ ಬಿತ್ತುವುದು, "ಬ್ಯಾಡ" ಎಂದರೆ ಬೇರೆ ಬೀಜ ಹುಡುಕುವುದು. ಅವಳ ಕೈಗುಣ ದೊಡ್ಡದು ಎಂದು ಯಾರಾದರೂ ಹೊಗಳಿದರೆ ಹುಸಿಮುನಿಸಿನಿಂದ ಬೈಯುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದ ಅವಳಿಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ.

ನಾನು ಎಂ.ಎಸ್ಸಿ. ಓದುತ್ತಿದ್ದ ವರ್ಷ ಅವಳ ಗಂಟಿನ ಕಾಳು ಸರಿಯಾಗಿ ಉಬ್ಬಲಿಲ್ಲ. ಒಬ್ಬರದಲ್ಲ, ಬಂದವರೆಲ್ಲರದೂ. ಅವಳು ಇನ್ನಷ್ಟು ನೀರು ಹಾಕಿದಳು, ಇನ್ನೆರಡು ದಿನ ಬಿಟ್ಟಳು. ಕಾಳು ಗಟ್ಟಿಯಾಗಿ ಹಾಗೇ ಕೂತಿದ್ದವು.

"ನೀ ಓದಾಕಿ ಅದಿ. ಬೀಜ ಕೆಟ್ಟಾವೇನು ನೋಡವ್ವಾ" ಎಂದು ಒಂದು ಪೊಟ್ಟಣ ಕೊಟ್ಟಳು.

ಕಾಲೇಜಿಗೆ ಒಯ್ದು ಅಲ್ಲಿನ ಶುದ್ಧ ನೀರಿನಲ್ಲಿ ನೆನೆಸಿದೆ. ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಮಹಾ ಜಾಣೆಯಂತೆ ಊರಿಗೆ ಬಂದು, ಕಟ್ಟೆಯ ಮೇಲೆ ಕೂತವರ ಎದುರೇ "ಬೀಜ ಚಲೋ ಅದಾವ ದೊಡ್ಡವ್ವಾ!" ಎಂದು ಕೂಗಿ ಹೇಳಿದೆ.

"ಹಂಗಾರ ಆಕಿ ಕೈಯಾಗ ಐತಿ ದೋಷ" ಎಂದರು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು.

ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ... ಆ ವಾರದಿಂದಲೇ ಅವಳ ಬಾಗಿಲಿಗೆ ಬೀಜ ಬರುವುದು ನಿಂತಿತು.

ನೀರಿನ ಯೋಚನೆ ನನ್ನ ಓದಿದ ತಲೆಗೆ ಹೊಳೆದದ್ದು ತಡವಾಗಿ. ಊರಾಚೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಅದರ ಕೊಳೆನೀರು ಹರಿಯುವ ಹಳ್ಳದ ದಂಡೆಯಲ್ಲೇ ದೊಡ್ಡವ್ವ ನೀರು ತರುವ ಕೈಪಂಪು. ಆ ನೀರಿನಲ್ಲೊಂದಿಷ್ಟು, ಶುದ್ಧ ನೀರಿನಲ್ಲೊಂದಿಷ್ಟು ಕಾಳು ನೆನೆಸಿ ಗಂಟೆಗೊಮ್ಮೆ ತೂಗಿದೆ. ಪಂಪಿನ ನೀರಲ್ಲಿದ್ದ ಕಾಳುಗಳ ತೂಕ ಏರಲೇ ಒಲ್ಲದು. ನೀರಲ್ಲಿ ಮುಳುಗಿದ್ದರೂ ಅವಕ್ಕೆ ನೀರು ಹೀರಲಾಗುತ್ತಿರಲಿಲ್ಲ. ಪರೀಕ್ಷೆಗೆ ಕಳಿಸಿದ ನೀರಿನಲ್ಲಿ ಸೀಸ ಇತ್ತು.

ಓಡಿಹೋಗಿ ಹೇಳಿದೆ. "ತಪ್ಪು ನಿನ್ನ ಕೈದಲ್ಲ ದೊಡ್ಡವ್ವಾ, ನೀರಿಂದು. ನೀರಾಗ ವಿಷ ಐತಿ."

ಒಂದು ಗಳಿಗೆ ಅವಳ ಮುಖ ಅರಳಿತು. ಆಮೇಲೆ ಅಡುಗೆಮನೆಯಲ್ಲಿದ್ದ ಕೊಡದ ಕಡೆ ನೋಡಿದಳು.

"ಬೀಜ ಮೂರು ದಿನದಾಗ ಹೇಳ್ತಾವು. ಮನಷ್ಯಾರಿಗೆ ಎಷ್ಟು ದಿನ ಬೇಕಾಕೈತವ್ವಾ?"

ಅರ್ಜಿ ಬರೆದೆ, ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದೆ. ಕೊನೆಗೆ ಯಾರೋ ಬಂದು, ಕುಡಿಯಬಾರದೆಂಬ ಗುರುತಿಗೆ ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಒಳ್ಳೆಯ ನೀರು ದೂರ, ಅವಳಿಗೆ ಮೊಣಕಾಲು ನೋವು. ಕೆಂಪು ಪಂಪಿನ ನೀರನ್ನೇ ಕುಡಿದಳು. ಬೇಸಿಗೆಯಲ್ಲಿ ಊರಿನವರೂ ಅದರ ಮುಂದೆಯೇ ಪಾಳಿ ಹಚ್ಚಿ ನಿಂತರು.

ಕೊನೆಕೊನೆಗೆ ಅವಳ ಕೈಗಳು ಸೋತು ತುತ್ತು ಎತ್ತುವುದೂ ಕಷ್ಟವಾಗಿತ್ತು. ವಯಸ್ಸಾಗಿತ್ತು ಎಂದರು. ಇರಬಹುದು... ಸೀಸದ ವಿಷಕ್ಕೂ ಕೈಗಳು ಹೀಗೇ ಸೋಲುತ್ತವೆ, ಆದರೆ ಅವಳ ರಕ್ತ ಪರೀಕ್ಷೆ ಯಾರೂ ಮಾಡಿಸಲಿಲ್ಲ. ಸಾವಿರ ಕಾಳು ತೂಗಿದ ನಾನೂ ಮಾಡಿಸಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಶೆಡ್ಡು ಈಗ ಇಲ್ಲ, ದೊಡ್ಡವ್ವನೂ ಇಲ್ಲ. ಈ ವಾರ ಊರಿಗೆ ಹೋದಾಗ ಅವಳ ಮಾತು ಬಂತು. "ಕೊನಿಗೆ ಆಕಿ ಕೈಗುಣ ಹೋಗಿಬಿಟ್ಟಿತ್ತು ನೋಡ್ರಿ" ಎಂದರು ಊರಿನವರು. ನಾನು ಮತ್ತೆ ಸೀಸದ ಕಥೆ ಹೇಳಿದೆ. ಎಲ್ಲರೂ ತಲೆಯಾಡಿಸುತ್ತಾ ಕೇಳಿದರು. ಮಾತಾಡಿ ಮಾತಾಡಿ ನನ್ನ ಗಂಟಲು ಒಣಗಿದ್ದನ್ನು ಕಂಡು ಒಬ್ಬ ಹೆಣ್ಣುಮಗಳು ಎದ್ದುಹೋಗಿ, ಅದೇ ಪಂಪಿನಿಂದ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟಳು.