ಒಡೆಯಲೊಲ್ಲದ ಗಿಲಕಿ

ಸ್ಯಾಂಪಲ್ ಮಾಡಿಸುವವರಿಗೆ ನನ್ನದೊಂದು ಬುದ್ಧಿಮಾತು: ಅದನ್ನು ಊರಿನ ಅತ್ಯುತ್ತಮ ಕೆಲಸಗಾರನ ಕೈಗೆ ಕೊಡಬೇಡಿ. ನಾನು ಕೊಟ್ಟು ಅನುಭವಿಸಿದ್ದೇನೆ.

ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಇಟ್ಟು, ಆಮೇಲೆ ಹಿಂದಿನ ಶೆಡ್ಡಿನಲ್ಲಿ ಎರಡು ಲೇತ್ ಹಾಕಿಕೊಂಡವನು ನಾನು. ಅಲ್ಲಿ ಮರ ಕಡೆಯುವವರು ಒಬ್ಬ ಹಿರಿಯ ಸಾಹೇಬರು. ನಾನು ಅವರನ್ನು ಭಾಯ್ ಅನ್ನುತ್ತೇನೆ. ಅವರು ನನ್ನ ಕಾಲೆಳೆಯುವುದಕ್ಕೆಂದೇ ಸಾವ್ಕಾರ್ರೇ ಅನ್ನುತ್ತಾರೆ. ಹೋದ ವರ್ಷ ಬೆಂಗಳೂರಿನ ಮಕ್ಕಳ ಸಾಮಾನಿನ ಅಂಗಡಿಯ ಮೇಡಂ ಒಬ್ಬರು ಗಿಲಕಿ ಕೇಳಿದರು. ಒಂದು ಹಿಡಿ, ಕತ್ತಿನಲ್ಲಿ ಮೂರು ಬಳೆ, ತುದಿಗೊಂದು ಗುಂಡು. ಬಳೆಗಳನ್ನು ಬೇರೆಯಾಗಿ ಕಡೆದು, ಕತ್ತಿಗೆ ತೊಡಿಸಿ, ಗುಂಡನ್ನು ಅಂಟು ಹಾಕಿ ಕೂರಿಸುವುದು ನಮ್ಮ ರೂಢಿ. ಆ ಲೆಕ್ಕದಲ್ಲೇ ರೇಟು ಹೇಳಿದ್ದೆ. ಅವರೂ ಎಳೆದಾಡಿ ಒಪ್ಪಿದ್ದರು.

ಭಾಯ್ ಏನು ಮಾಡಿದರು ಗೊತ್ತೇ? ಒಂದೇ ಹಾಲೆ ಮರದ ತುಂಡಿನಲ್ಲಿ ಹಿಡಿ, ಗುಂಡು, ಬಳೆ ಎಲ್ಲವನ್ನೂ ಕಡೆದುಬಿಟ್ಟರು. ಬಳೆಗಳು ಸಡಿಲವಾಗಿ ಕುಣಿಯುತ್ತವೆ, ಆದರೆ ಎಲ್ಲಿಯೂ ಜಾಯಿಂಟ್ ಇಲ್ಲ. ಒಂದೊಂದಕ್ಕೂ ಅರ್ಧ ದಿನದ ಕೆಲಸ. ನಾನೊಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಅದು ಕೊರಿಯರಿನಲ್ಲಿ ಬೆಂಗಳೂರು ಸೇರಿತ್ತು, ಮೇಡಂ ಫೋನೂ ಬಂತು.

"ಇದೇ ಥರ ಐನೂರು ಬೇಕು. ಇದು ನನ್ನ ಟೇಬಲ್ ಮೇಲಿರುತ್ತೆ. ಬರೋ ಮಾಲನ್ನೆಲ್ಲ ಇದರ ಪಕ್ಕ ಇಟ್ಟು ನೋಡ್ತೀನಿ."

ನೇರ ಶೆಡ್ಡಿಗೆ ಹೋದೆ. "ಏನ್ ಭಾಯ್, ನನ್ ಅಂಗ್ಡಿ ಬಾಗ್ಲು ಹಾಕ್ಸೋಕೆ ಹೊಂಟಿದ್ದೀರಾ?"

"ಸ್ಯಾಂಪಲ್ ಚೆನ್ನಾಗಿರ್ಲಿ ಅಂತ ನೀವೇ ಯೋಳಿದ್ರಲ್ಲ ಸಾವ್ಕಾರ್ರೇ. ಅಂಟು ಹಚ್ಚೋ ಕೆಲ್ಸ ನಂಗೆ ಬ್ಯಾಸ್ರ ಆಗೋಗೈತೆ."

ಒಪ್ಪಿದ ರೇಟಿಗೆ ಅಂಥವು ಐನೂರು ಕೊಟ್ಟರೆ ಕೊನೆಗೆ ಲೇತನ್ನೂ ಮಾರಬೇಕು. ಆಗದು ಎಂದರೆ ಆರ್ಡರೇ ಕೈತಪ್ಪುತ್ತದೆ. ಉಳಿದದ್ದು ಒಂದೇ ದಾರಿ: ಆ ಸ್ಯಾಂಪಲ್ ಮೇಡಂ ಕಣ್ಣೆದುರೇ ಒಡೆಯಬೇಕು, ಅದೂ ಪರೀಕ್ಷೆಯ ಹೆಸರಿನಲ್ಲಿ. ಆಮೇಲೆ ನಮ್ಮ ಅಂಟಿನ ಗಿಲಕಿಯೇ ಗಟ್ಟಿ ಎಂದು ಒಪ್ಪಿಸುವುದು ನನಗೇನು ಕಷ್ಟವಲ್ಲ. ಭಾಯ್ ಕೈಯಲ್ಲೇ ಅಂಟಿನದೊಂದನ್ನು ಮಾಡಿಸಿಕೊಂಡು ರೈಲು ಹತ್ತಿದೆ.

"ಮಕ್ಕಳ ಸಾಮಾನು ಮೇಡಂ. ಬೀಳ್ಸಿ ನೋಡ್ದೆ ಒಪ್ಕೋಬಾರ್ದು" ಎಂದೆ, ಹಿತೈಷಿಯ ಮುಖ ಮಾಡಿಕೊಂಡು. ಬಳೆಗಳು ತೆಳು, ನೆಲ ಗ್ರಾನೈಟು. ಅವರ ಮುಂದಿದ್ದ ಸ್ಯಾಂಪಲ್ಲನ್ನು ಎತ್ತಿಕೊಂಡು ಟೇಬಲ್ ಎತ್ತರದಿಂದ ಬಿಟ್ಟೆ. ಪುಟಿದು ಬಿತ್ತು, ಅಷ್ಟೆ. ತಲೆಯ ಎತ್ತರದಿಂದ ಬಿಟ್ಟೆ. ಅರಗಿನ ಹೊಳಪೂ ಮಾಸಲಿಲ್ಲ. "ಮಕ್ಕಳು ಎಸೀತಾವೆ ಮೇಡಂ" ಎಂದು ಮೆಟ್ಟಿಲ ಮೇಲಿನಿಂದ ಬೀಸಿ ಎಸೆದೆ. ಕೆಳಗಿದ್ದ ವಾಚ್‌ಮನ್ ಅದನ್ನೆತ್ತಿ, ಗಿಲಗಿಲ ಆಡಿಸುತ್ತಲೇ ಮೇಲೆ ಹತ್ತಿ ಬಂದ.

"ಏನ್ರೀ, ಅದರ ಮೇಲೆ ನಿಮಗೇನಾದ್ರೂ ಸಿಟ್ಟಾ?" ಎಂದ ಮೇಡಂ ಕಣ್ಣು ನನ್ನ ಚೀಲದ ಮೇಲೆ ಬಿತ್ತು. "ಅಲ್ಲಿ ಇನ್ನೊಂದಿದೆಯಲ್ಲ. ಅದನ್ನೂ ಬೀಳಿಸಿ."

ಅಂಟಿನದನ್ನು ಚೀಲದಿಂದ ತೆಗೆದೆ. ಟೇಬಲ್ ಎತ್ತರದಿಂದ ಬಿಟ್ಟದ್ದಷ್ಟೇ. ಗುಂಡು ಹಾರಿತು, ಮೂರು ಬಳೆ ಮೂರು ದಿಕ್ಕಿಗೆ ಉರುಳಿದವು. ಒಂದನ್ನು ಹುಡುಕಲು ನಾನು ಸೋಫಾದ ಮುಂದೆ ಮಂಡಿಯೂರಿದೆ. ಮೇಡಂ ಗುಂಡನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಎಳೆ ಮಗುವಿನ ಬಾಯಿಗೆ ಸರಿಯಾದ ಅಳತೆ.

ಅಂಟಿನ ಆಸೆಯನ್ನು ಸೋಫಾದ ಕೆಳಗೇ ಬಿಟ್ಟು ಎದ್ದೆ. "ನೋಡಿದ್ರಲ್ಲ ಮೇಡಂ. ನೀವು ಒಪ್ಪಿರೋ ರೇಟಿಗೆ ಬರೋದು ಇದು. ಮೊದಲನೇದು ಬೇಕಾದ್ರೆ ರೇಟೂ ಬೇರೆ, ಟೈಮೂ ಬೇರೆ. ಎರಡನ್ನೂ ಬೀಳ್ಸಿ ತೋರ್ಸೋಣ ಅಂತಾನೇ ಬಂದೆ."

"ಅದಕ್ಕೇ ಬಂದ್ರಾ?" ಎಂದು ಅವರು ನಕ್ಕರು. ಒಂದಕ್ಷರವನ್ನೂ ನಂಬಿರಲಿಲ್ಲ. ಆದರೂ ಎರಡು ಕಾಫಿ ಮುಗಿಯುವ ಹೊತ್ತಿಗೆ ರೇಟು ಮೂರು ಪಟ್ಟಾಗಿತ್ತು, ಐನೂರು ಇನ್ನೂರಕ್ಕೆ ಇಳಿದಿತ್ತು, ಆರು ತಿಂಗಳ ಗಡುವೂ ಸಿಕ್ಕಿತ್ತು.

ಸಂಜೆ ಶೆಡ್ಡಿನಲ್ಲಿ ನನ್ನ ಪರಾಕ್ರಮವನ್ನು ಬಣ್ಣ ಹಚ್ಚಿ ಹೇಳಿದೆ. ಭಾಯ್ ಲೇತಿನಿಂದ ತಲೆ ಎತ್ತದೆ ಕೇಳಿದರು:

"ಅಂಟಿಂದು ಎಷ್ಟೆತ್ರದಿಂದ ಬುಟ್ರಿ?"

"ಟೇಬಲ್ ಎತ್ರ."

"ಅಷ್ಟಕ್ಕೇ ಕಿತ್ಕೊಂಡ್ ಬಂತಾ? ಹಂಗಾದ್ರೆ ಅಂಟು ಒಸಿ ಜಾಸ್ತೀನೇ ಕಮ್ಮಿ ಮಾಡ್ಬುಟ್ಟೆ."

"ಬೇಕಂತ್ಲೇ ಮಾಡಿದ್ರಾ?" ಎಂದೆ.

"ಬ್ಯಾಸ್ರ ಆಗೋಗೈತೆ ಅಂತ ಅವತ್ತೇ ಯೋಳಿದ್ನಲ್ಲ ಸಾವ್ಕಾರ್ರೇ."

ಈಗ ಯಾವ ಸ್ಯಾಂಪಲ್ ಒಯ್ಯುವುದಿದ್ದರೂ ಮೊದಲು ಅಂಗಡಿ ಮುಂದಿನ ಕಲ್ಲುಚಪ್ಪಡಿಯ ಮೇಲೆ ನಾನೇ ಬೀಳಿಸಿ ನೋಡುತ್ತೇನೆ. ನೀವೂ ಹಾಗೇ ಮಾಡಿ. ಒಳಗಿನಿಂದ ಯಾರಾದರೂ ನಕ್ಕರೆ, ಕೇಳಿಸದವರಂತೆ ಇದ್ದುಬಿಡಿ.